ವೆಟ್ ಅಂದ್ರೆ ಯಾರು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಒಂದೇ ಪದದ ಬಗ್ಗೆ ಸುಮಾರು ಪತ್ರ ಬಂದಿವೆ. ಅಮೆರಿಕದಲ್ಲಿ ಮಿಲಿಟ್ರಿಯಿಂದ ವಾಪಸ್ ಬಂದವರನ್ನ ಆಡುಮಾತಲ್ಲಿ ‘ವೆಟ್’ ಅಂತಾರಲ್ಲ, ಆ ಪದ. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅದಕ್ಕೇ ಬಿಟ್ಟಿದೀವಿ.

ಪ್ರಶ್ನೆ: ಇಂಗ್ಲಿಷ್ ಪೇಪರಲ್ಲಿ ಒಬ್ಬರ ಬಗ್ಗೆ ‘ವಿಯೆಟ್ನಾಂ ವೆಟ್’ ಅಂತ ಬರ್ದಿದ್ರು. ನಂಗೆ ಗೊತ್ತಿರೋ ಹಾಗೆ ವೆಟ್ ಅಂದ್ರೆ ದನದ ಡಾಕ್ಟ್ರು. ಇಲ್ಲಿ ಅರ್ಥನೇ ಆಗ್ಲಿಲ್ಲ, ಸ್ವಲ್ಪ ಬಿಡಿಸಿ ಹೇಳ್ತೀರಾ? (ಡಿಗ್ರಿ ವಿದ್ಯಾರ್ಥಿನಿ)

ಇಲ್ಲಿ ದನದ ಡಾಕ್ಟ್ರು ಅಲ್ಲಮ್ಮ. ವೆಟರನ್ ಅನ್ನೋ ಪದಾನ ಮೊಟಕು ಮಾಡಿ ವೆಟ್ ಅಂತಿದಾರೆ, ಮಿಲಿಟ್ರಿಲಿ ಕೆಲಸ ಮಾಡಿ ಬಂದವರು ಅಂತ ಅರ್ಥ. ವಿಯೆಟ್ನಾಂ ವೆಟ್ ಅಂದ್ರೆ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಅಮೆರಿಕದ ಸೈನಿಕ. ಈ ಮೊಟಕು ರೂಪ ಹೊಸದೇನಲ್ಲ, 1840ರ ದಶಕದಿಂದ್ಲೇ ಅಮೆರಿಕದಲ್ಲಿ ಬಳಕೆಲಿದೆ, ಅಂದ್ರೆ ಅವರ ಅಂತರ್ಯುದ್ಧ ಶುರುವಾಗೋಕೂ ಮುಂಚೆ.

ದನದ ಡಾಕ್ಟ್ರನ್ನೂ ಅಲ್ಲಿ ವೆಟ್ ಅಂತಾನೇ ಕರೀತಾರೆ, ಅದು ವೆಟರಿನೇರಿಯನ್ ಅನ್ನೋದರ ಮೊಟಕು. ಎರಡೂ ಒಂದೇ ಸ್ಪೆಲಿಂಗು, ಒಂದೇ ಉಚ್ಚಾರ. ಹಾಗಾದ್ರೆ ಯಾವುದು ಯಾವ್ದು ಅಂತ ಗೊತ್ತಾಗೋದು ಹೇಗೆ ಅಂದ್ರೆ ಪಕ್ಕದ ಪದ ನೋಡ್ಬೇಕು. ಹಿಂದೆ ಯುದ್ಧದ ಹೆಸ್ರೋ ಪಡೆಯ ಹೆಸ್ರೋ ಬಂದ್ರೆ, ಉದಾಹರಣೆಗೆ ಕೊರಿಯಾ ವೆಟ್, ಇರಾಕ್ ವೆಟ್, ನೇವಿ ವೆಟ್, ಕಾಂಬ್ಯಾಟ್ ವೆಟ್, ಆಗ ಸೈನಿಕನೇ, ಅನುಮಾನ ಬೇಡ. ‘ದ ವೆಟ್’ ಅಂತ ಇದ್ದು ಸುತ್ತಮುತ್ತ ನಾಯಿ ಬೆಕ್ಕು ಕುದುರೆ ಕಾಣಿಸ್ತಿದ್ರೆ ಡಾಕ್ಟ್ರು, ಯಾಕಂದ್ರೆ ನಮ್ಮ ಪ್ರಾಣಿಗೆ ತೋರಿಸೋ ಡಾಕ್ಟ್ರು ಅಂತ ಗೊತ್ತಿರೋ ವ್ಯಕ್ತಿ ಬಗ್ಗೆ ಮಾತಾಡ್ತಿರ್ತೀವಲ್ಲ. ಕಷ್ಟ ಆಗೋದು ‘ಮೈ ಡ್ಯಾಡ್ ಈಸ್ ಎ ವೆಟ್’ ಅನ್ನೋ ಥರದ ವಾಕ್ಯದಲ್ಲಿ, ಅಲ್ಲಿ ಅಮೆರಿಕದವರೇ ಒಂದು ಕ್ಷಣ ನಿಂತು ಯಾವ ವೆಟ್ ಅಂತ ವಾಪಸ್ ಕೇಳ್ತಾರೆ. ಇಂಗ್ಲೆಂಡಲ್ಲಿ ಈ ಗೊಂದಲ ಕಮ್ಮಿ, ಅಲ್ಲಿ ವೆಟ್ ಅಂದ ತಕ್ಷಣ ತಲೆಗೆ ಬರೋದು ಪ್ರಾಣಿ ಡಾಕ್ಟ್ರೇ, ಸೈನಿಕರಿಗೆ ವೆಟರನ್ ಅಂತ ಪೂರ್ತಿ ಹೇಳ್ತಾರೆ.

ಇನ್ನೊಂದು ಗಮನಿಸ್ಬೇಕಾದ್ದು. ಇದು ಆಡುಮಾತಿನ ಪದ, ಕಾಗದ ಪತ್ರದಲ್ಲಿ ಕಾನೂನಲ್ಲಿ ವೆಟರನ್ ಅಂತಾನೇ ಇರುತ್ತೆ. ಆದ್ರೆ 1979ರಲ್ಲಿ ಅಮೆರಿಕ ಸರ್ಕಾರ ವಿಯೆಟ್ನಾಮಿಂದ ಬಂದವರಿಗೆ ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಅಂತ ಸಣ್ಣ ಸಣ್ಣ ಕೌನ್ಸೆಲಿಂಗ್ ಕೇಂದ್ರ ತೆಗೀತು, ಅದಕ್ಕೆ ‘ವೆಟ್ ಸೆಂಟರ್’ ಅಂತ ಹೆಸರಿಟ್ರು. ಆಗ ಆ ಹುಡುಗರಲ್ಲಿ ಸುಮಾರು ಜನಕ್ಕೆ ಸರ್ಕಾರದ ದೊಡ್ಡ ಆಸ್ಪತ್ರೆ, ಫಾರಂ, ಕ್ಯೂ ಅಂದ್ರೇನೇ ಆಗ್ತಿರಲಿಲ್ಲ, ಬಾಗಿಲ ಮೇಲೆ ತಮ್ಮ ಆಡುಮಾತಿನ ಪದ ಇದ್ರೆ ಒಳಗೆ ಕಾಲಿಡೋದು ಸ್ವಲ್ಪನಾದ್ರೂ ಸುಲಭ ಆಗುತ್ತೆ. ಆ ಹೆಸರು ಇವತ್ತಿಗೂ ಹಾಗೇ ಇದೆ.

ಪ್ರಶ್ನೆ: ಕೆಲಸಕ್ಕೆ ಸೇರ್ವಾಗ ‘ವೆಟಿಂಗ್’ ಮಾಡ್ತಾರಲ್ಲ, ಅದು ಸೈನಿಕರ ವೆಟ್‌ನಿಂದ ಬಂದಿದ್ದಾ? (ಎಚ್‌ಆರ್ ಕೆಲಸದಲ್ಲಿರೋ ಓದುಗರು)

ಅಲ್ಲ, ಅದು ಡಾಕ್ಟ್ರ ಕಡೆಯಿಂದ ಬಂದಿದ್ದು. ರೇಸ್ ಕುದುರೆನ ಓಡಿಸೋಕೆ ಮುಂಚೆ ಪ್ರಾಣಿ ಡಾಕ್ಟ್ರು ಕಾಲು ಹಲ್ಲು ಉಸಿರು ಎಲ್ಲ ನೋಡಿ ಸರಿ ಇದೆ ಅಂತ ಹೇಳ್ಬೇಕಿತ್ತು, ಆ ತಪಾಸಣೆಯೇ ‘ವೆಟ್’ ಮಾಡೋದು. ಆಮೇಲೆ 1900ರ ಆಸುಪಾಸಲ್ಲಿ ಮನುಷ್ಯರನ್ನ, ಕಾಗದ ಪತ್ರನ ಕೂಲಂಕಷವಾಗಿ ಪರೀಕ್ಷೆ ಮಾಡೋದಕ್ಕೂ ಅದೇ ಪದ ಅಂಟ್ಕೊಳ್ತು.

ಸೈನಿಕರ ವೆಟ್ ಬೇರು ಲ್ಯಾಟಿನ್. ಆ ಭಾಷೇಲಿ ‘ವೆಟಸ್’ ಅಂದ್ರೆ ಹಳೇದು, ಅದರಿಂದ ‘ವೆಟರಾನಸ್’, ಬಹಳ ಕಾಲ ಸೇವೆ ಮಾಡಿದ ಸೈನಿಕ. ರೋಮಿನವರು ಸೇವೆ ಮುಗಿಸಿದ ಸೈನಿಕನಿಗೆ ಇನ್ನೊಂದು ಹೆಸರೂ ಇಟ್ಟಿದ್ರು, ಎಮೆರಿಟಸ್ ಅಂತ. ಹೌದು, ಈಗ ನಾವು ನಿವೃತ್ತ ಪ್ರೊಫೆಸರ್‌ಗಳ ಹೆಸರಿನ ಜೊತೆ ನೋಡ್ತೀವಲ್ಲ ಅದೇ ಪದ, ಮೊದಲು ಸೈನಿಕರದಾಗಿತ್ತು. ಸ್ಪೇನಿನಲ್ಲಿ ಮೆರಿಡಾ ಅಂತ ಊರಿದೆ, ಕ್ರಿಸ್ತಪೂರ್ವ 25ರಲ್ಲಿ ಅಗಸ್ಟಸ್ ಚಕ್ರವರ್ತಿ ಸೇವೆ ಮುಗಿಸಿದ ಸೈನಿಕರು ನೆಲೆಸಲಿ ಅಂತ ಕಟ್ಟಿಸಿದ್ದು, ಊರಿನ ಹೆಸರಲ್ಲಿ ಆ ಎಮೆರಿಟಸ್ ಇನ್ನೂ ಉಳ್ಕೊಂಡಿದೆ.

ಪ್ರಶ್ನೆ: ನಾನು ಅನುವಾದ ಮಾಡ್ತೀನಿ. ವೆಟ್‌ಗೆ ಕನ್ನಡದಲ್ಲಿ ಏನು ಬಳಸ್ಲಿ? ಮೊಬೈಲಲ್ಲಿ ಹಾಕಿದ್ರೆ ಒಂದ್ಸಲ ‘ಪಶುವೈದ್ಯ’ ಬರುತ್ತೆ, ಒಂದ್ಸಲ ‘ಅನುಭವಿ’ ಬರುತ್ತೆ. (ಅನುವಾದಕರು)

ಎರಡೂ ತೆಗೆದುಹಾಕಿ. ‘ಅನುಭವಿ’ ಅನ್ನೋದು ಬೇರೆ ಕಡೆ ನಡೆಯುತ್ತೆ, ಯಾಕಂದ್ರೆ ಇಂಗ್ಲಿಷಲ್ಲಿ ಸಿನಿಮಾದವರಿಗೂ ಆಟಗಾರರಿಗೂ ಕಂಪನಿಯವರಿಗೂ ವೆಟರನ್ ಅಂತಾರೆ, ಹೆಡ್‌ಲೈನಲ್ಲಿ ಜಾಗ ಸಾಲದೆ ‘ಇಂಡಸ್ಟ್ರಿ ವೆಟ್’ ಅಂತಾನೂ ಹಾಕ್ತಾರೆ, ಅಂಥಲ್ಲಿ ನಮ್ಮ ‘ಹಿರಿಯ’ ಅನ್ನೋದೇ ಚೆನ್ನಾಗಿ ಕೂರುತ್ತೆ, ಹಿರಿಯ ನಟ, ಹಿರಿಯ ಆಟಗಾರ. ಸೈನಿಕರ ವಿಷಯಕ್ಕೆ ಬಂದ್ರೆ ನಮ್ಮಲ್ಲಿ ಮೂರು ಬಳಕೇಲಿವೆ, ನಿವೃತ್ತ ಯೋಧ, ನಿವೃತ್ತ ಸೈನಿಕ, ಮಾಜಿ ಸೈನಿಕ. ನಾನು ಮಾಜಿ ಸೈನಿಕ ಅಂತ ಹಾಕಿ ಅಂತೀನಿ, ಕಾರಣ ಹೇಳ್ತೀನಿ.

ಮೊದಲ್ನೇದು ‘ನಿವೃತ್ತ’. ನಮ್ಮ ಕಿವಿಗೆ ನಿವೃತ್ತ ಅಂದ್ರೆ ಪೂರ್ತಿ ಸರ್ವೀಸ್ ಮಾಡಿ ಪೆನ್ಷನ್ ತಗೊಂಡು ಮನೆಗೆ ಬಂದವರು. ಅಮೆರಿಕದಲ್ಲಿ ಮಾಮೂಲಿ ಲೆಕ್ಕದಲ್ಲಿ ಆ ಪೆನ್ಷನ್ ಸಿಗ್ಬೇಕಂದ್ರೆ 20 ವರ್ಷ ಸರ್ವೀಸ್ ಆಗ್ಬೇಕು, ಅಂಥವರನ್ನ ಅಲ್ಲಿ ‘ರಿಟೈರಿ’ ಅಂತ ಬೇರೆಯಾಗೇ ಕರೀತಾರೆ. ವೆಟ್‌ಗಳಲ್ಲಿ ಹೆಚ್ಚಿನವರು ಎರಡೋ ಮೂರೋ ನಾಲ್ಕೋ ವರ್ಷ ಇದ್ದು ಹೊರಗೆ ಬಂದವರು. ವಿಯೆಟ್ನಾಂ ಕಾಲದಲ್ಲಂತೂ ಕಡ್ಡಾಯ ಸೇವೆ ಇತ್ತು, 19 ವರ್ಷಕ್ಕೆ ಕರೆ ಬಂದು 21ಕ್ಕೆಲ್ಲ ವಾಪಸ್ ಬಂದವನೂ ವೆಟ್ಟೇ. 21 ವರ್ಷದ ಹುಡುಗನ್ನ ನಿವೃತ್ತ ಅಂತ ಕನ್ನಡದಲ್ಲಿ ಬರೆದ್ರೆ ಓದೋರ ಕಣ್ಮುಂದೆ ಬಿಳಿ ಮೀಸೆಯ ಅಜ್ಜ ಬಂದು ನಿಲ್ತಾನೆ, ಕಥೆನೇ ಹಾಳಾಗುತ್ತೆ. ಇನ್ನು ‘ಯೋಧ’ ಅಂದ್ರೆ ಯುದ್ಧ ಮಾಡಿದವನು ಅಂತ, ಆದ್ರೆ ವೆಟ್‌ಗಳಲ್ಲಿ ಅಡುಗೆಯವರು, ಗುಮಾಸ್ತರು, ಮೆಕ್ಯಾನಿಕ್‌ಗಳು, ನರ್ಸ್‌ಗಳು, ಲಾರಿ ಡ್ರೈವರ್‌ಗಳು ಎಲ್ಲ ಇದಾರೆ, ಸರ್ವೀಸ್ ಪೂರ್ತಿ ಅಮೆರಿಕದೊಳಗೇ ಕಳೆದವರೂ ಇದಾರೆ. ನಿಜವಾಗ್ಲೂ ಯುದ್ಧರಂಗದಲ್ಲಿ ಹೋರಾಡಿದವರು ಅಂತ ಹೇಳ್ಬೇಕಿದ್ರೆ ಅಲ್ಲಿಯವರು ಕಾಂಬ್ಯಾಟ್ ವೆಟ್ ಅಂತ ಬಿಡಿಸಿ ಹೇಳ್ತಾರೆ, ಅಲ್ಲಿ ಬೇಕಾದ್ರೆ ಯೋಧ ಅಂತ ಹಾಕಿ.

ಕಥೆ ಕಾದಂಬರಿಲಿ ಒಂದು ಪಾತ್ರ ಇನ್ನೊಂದಕ್ಕೆ ಆಡೋ ಮಾತಾಗಿದ್ರೆ ‘ಮಾಜಿ ಸೈನಿಕ’ ಕೂಡ ಸ್ವಲ್ಪ ಕಚೇರಿ ಭಾಷೆ ಆಗಿಬಿಡುತ್ತೆ. ‘ಅವ್ನು ವಿಯೆಟ್ನಾಮಿಗೆ ಹೋಗಿ ಬಂದೋನು’ ಅಂತಾನೋ ‘ಮಿಲಿಟ್ರಿಲಿದ್ದೋರು’ ಅಂತಾನೋ ಬರೀರಿ, ಜನ ಮಾತಾಡೋದು ಹಾಗೆ ತಾನೆ.

ಅಂದಹಾಗೆ ಒಂದು ಎಚ್ಚರ. ಮರೀನ್ ಪಡೆ, ಅಂದ್ರೆ ಸಮುದ್ರದ ಕಡೆಯಿಂದ ದಡಕ್ಕೆ ಇಳಿದು ಹೋರಾಡೋ ಅಮೆರಿಕದ ಪಡೆಯಲ್ಲಿ ಇದ್ದವರನ್ನ ‘ಎಕ್ಸ್ ಮರೀನ್’ ಅಂದ್ರೆ ಸುಮಾರು ಜನಕ್ಕೆ ಕೋಪ ಬರುತ್ತೆ. ಒಮ್ಮೆ ಮರೀನ್ ಆದ್ರೆ ಸಾಯೋವರೆಗೂ ಮರೀನ್ ಅನ್ನೋದು ಅವರ ನಂಬಿಕೆ, ಹೆಚ್ಚಂದ್ರೆ ‘ಫಾರ್ಮರ್ ಮರೀನ್’ ಅಂತ ಒಪ್ಕೋತಾರೆ.

ಪ್ರಶ್ನೆ: ಯುದ್ಧಕ್ಕೆ ಹೋಗದೇ ಇದ್ದವರೂ ವೆಟ್ಟಾ? ಹಾಗಾದ್ರೆ ಯಾರನ್ನ ವೆಟ್ ಅಂತ ಕರೀಬೇಕು, ಯಾರು ತೀರ್ಮಾನ ಮಾಡೋದು? (ಹೈಸ್ಕೂಲ್ ಮೇಷ್ಟ್ರು)

ಒಳ್ಳೇ ಪ್ರಶ್ನೆ ಮೇಷ್ಟ್ರೇ, ನನ್ನ ಪ್ರಕಾರ ಈ ಪದದ ಜೀವ ಇರೋದೇ ಇಲ್ಲಿ.

ಕಾನೂನು ಹೇಳೋದು ಇಷ್ಟು. ಸೇನೆ, ನೌಕಾಪಡೆ, ವಾಯುಪಡೆ, ಹೀಗೆ ಯಾವುದಾದ್ರೂ ಪಡೆಯಲ್ಲಿ ಸಕ್ರಿಯ ಸೇವೆ ಮಾಡಿರ್ಬೇಕು, ಬಿಡುಗಡೆ ಆಗುವಾಗ ‘ಡಿಸಾನರಬಲ್’, ಅಂದ್ರೆ ಅಗೌರವದ ಡಿಸ್ಚಾರ್ಜ್ ಆಗಿರಬಾರದು. ಯುದ್ಧಕ್ಕೆ ಹೋಗಿರ್ಬೇಕು ಅಂತ ಎಲ್ಲೂ ಇಲ್ಲ. ಹೆಸರಿಗೆ ಇಷ್ಟು ಸಾಕು, ಆದ್ರೆ ಸರ್ಕಾರದ ಸವಲತ್ತು ಬೇಕು ಅಂದ್ರೆ ಬೇರೆ ಬೇರೆ ಷರತ್ತು ಇವೆ, ಉದಾಹರಣೆಗೆ 1980ರ ಸೆಪ್ಟೆಂಬರ್ ನಂತರ ಸೇರಿದವರು ಸಾಮಾನ್ಯವಾಗಿ 24 ತಿಂಗಳಾದ್ರೂ ಇರ್ಬೇಕು, ಗಾಯ ಆಗಿ ಮುಂಚೆ ಬಿಟ್ಟವರಿಗೆ ವಿನಾಯಿತಿ ಇದೆ.

ಇದಕ್ಕೆಲ್ಲ ಸಾಕ್ಷಿ ಅಂದ್ರೆ ಒಂದು ಕಾಗದ. ‘ಡಿಡಿ 214’ ಅಂತಾರೆ, 1950ರಿಂದ ಬಿಡುಗಡೆ ಆಗೋ ಪ್ರತಿಯೊಬ್ಬರಿಗೂ ಕೊಡ್ತಿದಾರೆ. ಯಾವತ್ತು ಸೇರಿದ್ರು, ಯಾವತ್ತು ಬಿಟ್ರು, ಯಾವ ಕೆಲಸ ಮಾಡಿದ್ರು, ಯಾವ ಪದಕ ಬಂತು, ಯಾವ ಥರದ ಡಿಸ್ಚಾರ್ಜ್, ಎಲ್ಲ ಅದರ ಚೌಕಗಳಲ್ಲಿ ಬರೆದಿರುತ್ತೆ. ಮನೆ ಸಾಲಕ್ಕೆ, ಆಸ್ಪತ್ರೆಗೆ, ಕಾಲೇಜ್ ಫೀಸಿಗೆ, ಕಡೆಗೆ ಸತ್ತ ಮೇಲೆ ಶವಪೆಟ್ಟಿಗೆ ಮೇಲೆ ಬಾವುಟ ಹೊದಿಸೋಕೂ ಅದನ್ನೇ ಕೇಳ್ತಾರೆ. ಅದಕ್ಕೇ ಮಾಜಿ ಸೈನಿಕರ ಮನೇಲಿ ಆ ಹಾಳೆನ ಜಮೀನಿನ ಪತ್ರ, ಪಹಣಿ ಜೋಪಾನ ಮಾಡೋ ಥರ ಎತ್ತಿಟ್ಟಿರ್ತಾರೆ, ಹೆಂಡತಿ ಮಕ್ಕಳಿಗೂ ಅದು ಎಲ್ಲಿದೆ ಅಂತ ಹೇಳಿರ್ತಾರೆ.

ಅಂಥ ಕಾಗದ ಸಿಗದೇ ಇದ್ದವರ ಕಥೆ ಓದಿದ್ರೆ ಈ ಪುಟ್ಟ ಪದಕ್ಕೆ ಎಷ್ಟು ತೂಕ ಅಂತ ಗೊತ್ತಾಗುತ್ತೆ. ಎರಡನೇ ಮಹಾಯುದ್ಧದಲ್ಲಿ ‘ವಾಸ್ಪ್’ ಅಂತ ಹೆಣ್ಣುಮಕ್ಕಳ ಪೈಲಟ್ ಪಡೆ ಇತ್ತು. 1,074 ಜನ ತರಬೇತಿ ಮುಗಿಸಿ ಮಿಲಿಟ್ರಿ ವಿಮಾನಗಳನ್ನ ಫ್ಯಾಕ್ಟರಿಯಿಂದ ನೆಲೆಗಳಿಗೆ ಹಾರಿಸ್ಕೊಂಡು ಹೋಗ್ತಿದ್ರು, ಗುಂಡು ಹಾರಿಸೋದನ್ನ ಕಲೀತಿದ್ದ ಸೈನಿಕರಿಗೆ ಗುರಿ ಸಿಗ್ಲಿ ಅಂತ ವಿಮಾನದ ಹಿಂದೆ ಬಟ್ಟೆ ಕಟ್ಕೊಂಡು ಹಾರ್ತಿದ್ರು, ಯೋಚ್ನೆ ಮಾಡಿ, ಕೆಳಗಿಂದ ನಿಜವಾದ ಗುಂಡು ಬರ್ತಿರುತ್ತೆ. ಅವರಲ್ಲಿ 38 ಜನ ಸತ್ರು. ಆದ್ರೆ ಲೆಕ್ಕದಲ್ಲಿ ಅವರು ಸಿವಿಲಿಯನ್ನು, ಹಾಗಾಗಿ ಒಬ್ಬಳು ಸತ್ರೆ ಹೆಣನ ಊರಿಗೆ ಕಳಿಸೋ ಖರ್ಚನ್ನೂ ಸೇನೆ ಕೊಡ್ತಿರಲಿಲ್ಲ, ಜೊತೆಗಿದ್ದ ಹುಡುಗೀರೇ ಕೈಯಿಂದ ದುಡ್ಡು ಒಟ್ಟು ಮಾಡಿ ಕಳಿಸಿದಾರೆ. ಬಾವುಟ ಹೊದಿಸೋ ಹಕ್ಕೂ ಇರಲಿಲ್ಲ. 1944ರ ಡಿಸೆಂಬರಲ್ಲಿ ಪಡೆನೇ ಮುಚ್ಚಿದ್ರು, ಎಲ್ಲರೂ ಮನೆಗೆ ಹೋದ್ರು. ಅವರನ್ನ ವೆಟರನ್ ಅಂತ ಒಪ್ಕೊಂಡಿದ್ದು 1977ರಲ್ಲಿ, ಅದಕ್ಕೂ ಅವರೇ ಹೋರಾಡ್ಬೇಕಾಯ್ತು. ಆ ಹೊತ್ತಿಗೆ ಆ ಹುಡುಗೀರು ಅಜ್ಜಿಯರಾಗಿದ್ರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಸೇನೆಯ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸಿದ ‘ಹಲೋ ಗರ್ಲ್ಸ್’ಗೂ ಅದೇ ವರ್ಷ ಮಾನ್ಯತೆ ಸಿಕ್ತು, ಅಂದ್ರೆ ಸುಮಾರು 60 ವರ್ಷದ ಮೇಲೆ, ಅಷ್ಟೊತ್ತಿಗೆ ಅವರಲ್ಲಿ ಬದುಕಿದ್ದವರೇ ಬೆರಳೆಣಿಕೆ.

ಫಿಲಿಪೀನ್ಸ್ ಸೈನಿಕರದು ಇನ್ನೂ ಸಂಕಟದ ವಿಷ್ಯ. ಎರಡನೇ ಮಹಾಯುದ್ಧದಲ್ಲಿ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಫಿಲಿಪಿನೋಗಳು ಅಮೆರಿಕದ ಕೈಕೆಳಗೆ ಜಪಾನಿನ ವಿರುದ್ಧ ಹೋರಾಡಿದ್ರು. ಯುದ್ಧ ಮುಗಿದು ವರ್ಷ ತುಂಬೋಕೆ ಮುಂಚೆ, 1946ರಲ್ಲಿ ಒಂದು ಕಾನೂನು ತಂದು ಅವರಲ್ಲಿ ಬಹಳಷ್ಟು ಜನರ ಸೇವೆ ಸವಲತ್ತಿನ ಲೆಕ್ಕಕ್ಕೆ ಬರಲ್ಲ ಅಂದುಬಿಟ್ರು. 2009ರಲ್ಲಿ ಒಂದು ಸಲದ ಪರಿಹಾರ ಅಂತ ಅಮೆರಿಕದ ಪೌರತ್ವ ಇದ್ದವರಿಗೆ 15,000 ಡಾಲರ್, ಇಲ್ಲದವರಿಗೆ 9,000 ಡಾಲರ್ ಕೊಟ್ರು. ದುಡ್ಡು ಬಂತು ಸರಿ, ಆದ್ರೆ ಆರು ದಶಕ ನೀನು ನಮ್ಮ ವೆಟರನ್ ಅಲ್ಲ ಅನ್ನಿಸ್ಕೊಂಡು ಬದುಕೋದಿದ್ಯಲ್ಲ, ಅದಕ್ಕೆ ಯಾವ ಲೆಕ್ಕದಲ್ಲಿ ಪರಿಹಾರ ಕೊಡ್ತಾರೆ.

ಹೆಸರು ಸಿಕ್ಕವರಿಗೂ ಹಕ್ಕು ಸುಲಭಕ್ಕೆ ಸಿಕ್ಕಿಲ್ಲ. ಮೊದಲ ಮಹಾಯುದ್ಧದ ವೆಟ್‌ಗಳಿಗೆ ಬೋನಸ್ ಕೊಡ್ತೀವಿ ಅಂತ 1924ರಲ್ಲಿ ಕಾನೂನು ಮಾಡಿದ್ರು, ದುಡ್ಡು ಮಾತ್ರ 1945ಕ್ಕೆ ಅಂದ್ರು. ಮಧ್ಯದಲ್ಲಿ ಆರ್ಥಿಕ ಕುಸಿತ ಬಂದು ಕೆಲಸ ಇಲ್ಲ ಊಟ ಇಲ್ಲ, ಆಗ 1932ರಲ್ಲಿ ಸಾವಿರಾರು ಜನ ಹೆಂಡತಿ ಮಕ್ಕಳ ಸಮೇತ ವಾಷಿಂಗ್ಟನ್‌ಗೆ ಬಂದು ಗುಡಿಸಲು ಹಾಕ್ಕೊಂಡು ಈಗ್ಲೇ ಕೊಡಿ ಅಂತ ಕೂತ್ರು. ಜುಲೈ 28ಕ್ಕೆ ಪೊಲೀಸರ ಗುಂಡಿಗೆ ಇಬ್ಬರು ವೆಟ್‌ಗಳು ಬಲಿಯಾದ್ರು, ಅದೇ ದಿನ ಸೇನೆ ಬಂದು ಉಳಿದವರನ್ನ ಅಶ್ರುವಾಯು ಬಿಟ್ಟು ಓಡಿಸ್ತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ತಮ್ಮದೇ ಸೇನೆ ತಮ್ಮದೇ ಹಳೇ ಸೈನಿಕರ ಮೇಲೆ. ಆ ಅವಮಾನ ಮತ್ತೆ ಆಗಬಾರದು ಅನ್ನೋ ಭಯವೂ ಸೇರಿನೇ 1944ರಲ್ಲಿ ‘ಜಿಐ ಬಿಲ್’ ಅನ್ನೋ ಕಾನೂನು ಬಂತು, ಓದೋಕೆ ದುಡ್ಡು, ಮನೆಗೆ ಸಾಲ. 1956ರ ಹೊತ್ತಿಗೆ ಸುಮಾರು 78 ಲಕ್ಷ ಜನ ಅದರಿಂದ ಓದು, ತರಬೇತಿ ಪಡೆದ್ರು. ಕಪ್ಪು ಸೈನಿಕರಿಗೆ ಮಾತ್ರ ಕಾಗದದಲ್ಲಿ ಹಕ್ಕಿದ್ರೂ ಬ್ಯಾಂಕಲ್ಲಿ ಸಾಲ ಸಿಗ್ತಿರಲಿಲ್ಲ, ಸುಮಾರು ಕಾಲೇಜುಗಳ ಬಾಗಿಲೂ ತೆರೀತಿರಲಿಲ್ಲ. ಐಸಾಕ್ ವುಡಾರ್ಡ್ ಅನ್ನೋ ಸೈನಿಕ 1946ರ ಫೆಬ್ರವರಿಲಿ ಬಿಡುಗಡೆಯಾಗಿ ಇನ್ನೂ ಮೈಮೇಲಿನ ಯೂನಿಫಾರಂ ಕಳಚಿರಲಿಲ್ಲ, ಮನೆಗೆ ಹೋಗೋ ಬಸ್ಸಿಂದ ಇಳಿಸಿ ಸೌತ್ ಕೆರೊಲಿನಾದ ಪೊಲೀಸರು ಹೊಡೆದ ಹೊಡೆತಕ್ಕೆ ಎರಡೂ ಕಣ್ಣು ಹೋದ್ವು.

ಹಾಗಾಗಿ ಮೇಷ್ಟ್ರೇ, ಮಕ್ಕಳಿಗೆ ಹೇಳಿಕೊಡುವಾಗ ವೆಟ್ ಅಂದ್ರೆ ಯುದ್ಧ ಮಾಡಿದವನು ಅಂತ ಒಂದು ಸಾಲಲ್ಲಿ ಮುಗಿಸ್ಬೇಡಿ. ಸೇವೆ ಮಾಡಿದ್ದಾರೆ ಅಂತ ದೇಶ ಒಪ್ಕೊಂಡವರು ಅಂತ ಹೇಳಿ, ಒಪ್ಕೊಳ್ದೇ ಬಿಟ್ಟವರ ಕಥೆನೂ ಜೊತೆಗೇ ಹೇಳಿ.

ಪ್ರಶ್ನೆ: ಮಗ ಸೊಸೆ ಅಮೆರಿಕದಲ್ಲಿದ್ದಾರೆ, ನಾನು ಹೋಗಿ ಕೆಲವು ತಿಂಗಳು ಇರ್ತೀನಿ. ಪಕ್ಕದ ಮನೇಲಿ ವಯಸ್ಸಾದವರೊಬ್ಬರು ಯಾವಾಗ್ಲೂ ‘ವಿಯೆಟ್ನಾಂ ವೆಟರನ್’ ಅಂತ ಬರೆದ ಟೋಪಿ ಹಾಕ್ಕೊಂಡಿರ್ತಾರೆ. ಅವರ ಜೊತೆ ಏನು ಮಾತಾಡ್ಬೇಕು? ವೆಟ್ ಅಂತ ಅನ್ನಬಹುದಾ? (ಗೃಹಿಣಿ)

ಅನ್ನಬಹುದು ಅಮ್ಮಾ, ಬೈಗುಳ ಅಲ್ಲ, ಅವರೇ ತಮ್ಮನ್ನ ಹಾಗೆ ಕರ್ಕೋತಾರೆ. ಆದ್ರೆ ಎದುರಿಗೆ ಮಾತಾಡಿಸುವಾಗ ‘ಹಲೋ ವೆಟ್’ ಅಂತ ಯಾರೂ ಕರೆಯಲ್ಲ, ಅದು ಅವರ ಬಗ್ಗೆ ಹೇಳೋ ಪದ, ಕೂಗೋ ಪದ ಅಲ್ಲ. ಹೆಸರೋ, ‘ಸರ್’ ಅಂತಾನೋ ಸಾಕು.

ಆ ಟೋಪಿ ಬಗ್ಗೆ ಹೇಳ್ಲೇಬೇಕು. ಸಾಮಾನ್ಯವಾಗಿ ಕಪ್ಪು ಬೇಸ್‌ಬಾಲ್ ಕ್ಯಾಪ್, ಮುಂದೆ ಹಳದಿ ದಾರದಲ್ಲಿ ಯುದ್ಧದ ಹೆಸರು, ಕೆಳಗೆ ಹಳದಿ ಪಟ್ಟಿ ಮೇಲೆ ಮೂರು ಕೆಂಪು ಗೆರೆ ಇರೋ ರಿಬ್ಬನ್, ಅದು ಆಗಿನ ದಕ್ಷಿಣ ವಿಯೆಟ್ನಾಂ ಬಾವುಟದ ಬಣ್ಣ. ನೌಕಾಪಡೆಯವರಾದ್ರೆ ಹಡಗಿನ ಹೆಸರು, ನಂಬರ್ ಇರುತ್ತೆ. ಅದನ್ನ ನೋಡಿ ಇನ್ನೊಬ್ಬ ವೆಟ್ ಬಂದು ಯಾವ ವರ್ಷ ಇದ್ರಿ, ಯಾವ ಯೂನಿಟ್ಟು, ಎಲ್ಲಿದ್ರಿ ಅಂತ ಶುರು ಮಾಡ್ತಾರೆ. ಅಂಗಡಿಯಲ್ಲಿ, ಆಸ್ಪತ್ರೆಲಿ, ಪೆಟ್ರೋಲ್ ಬಂಕಲ್ಲಿ ಹೀಗೆ ಗುರುತೇ ಇಲ್ಲದ ಇಬ್ಬರು ಮುದುಕರು ಅರ್ಧ ಗಂಟೆ ನಿಂತು ಮಾತಾಡೋದು ಅಲ್ಲಿ ಮಾಮೂಲು.

ಜನ ಸಾಮಾನ್ಯವಾಗಿ ಹೇಳೋ ಮಾತು ‘ಥ್ಯಾಂಕ್ಯೂ ಫಾರ್ ಯುವರ್ ಸರ್ವೀಸ್’. ಕೆಲವರಿಗೆ ಇದು ಖುಷಿ, ಕೆಲವರಿಗೆ ಮುಜುಗರ, ಬಾಯಿಮಾತಿಗೆ ಹೇಳ್ತಾರೆ ಅನ್ಸುತ್ತೆ. ವಿಯೆಟ್ನಾಂ ವೆಟ್‌ಗಳು ತಮ್ಮ ತಮ್ಮಲ್ಲಿ ಹೇಳ್ಕೊಳ್ಳೋದು ಬೇರೆ, ‘ವೆಲ್ಕಮ್ ಹೋಮ್’ ಅಂತ. ಐವತ್ತು ವರ್ಷ ಆದ್ಮೇಲೂ ಯಾಕೆ ಮನೆಗೆ ಸ್ವಾಗತ ಅಂತಾರೆ ಅಂದ್ರೆ, ಆಗ ಅವರಿಗೆ ಯಾರೂ ಹೇಳಿರಲಿಲ್ಲ. ಯುದ್ಧದ ಬಗ್ಗೆ ದೇಶದಲ್ಲಿ ಸಿಟ್ಟಿತ್ತು, ಆ ಸಿಟ್ಟು ಹುಡುಗರ ಮೇಲೂ ತಿರುಗ್ತು, ಹೆಚ್ಚಿನವರು ಒಬ್ಬೊಬ್ಬರೇ ವಿಮಾನ ಇಳಿದು ಟ್ಯಾಕ್ಸಿ ಹಿಡಿದು ಮನೆಗೆ ಹೋಗಿ ಅದರ ಬಗ್ಗೆ ಬಾಯೇ ಬಿಡ್ಲಿಲ್ಲ. ಸುಮಾರು 27 ಲಕ್ಷ ಅಮೆರಿಕನ್ನರು ವಿಯೆಟ್ನಾಮಲ್ಲಿ ಸೇವೆ ಮಾಡಿದ್ರು, 58,000ಕ್ಕಿಂತ ಜಾಸ್ತಿ ಜನ ಸತ್ರು.

ಮಗನ ಜೊತೆ ವಾಷಿಂಗ್ಟನ್‌ಗೆ ಹೋದ್ರೆ ಆ ಸತ್ತವರ ಹೆಸರಿರೋ ಗೋಡೆ ನೋಡಿ ಬನ್ನಿ. 1982ರಲ್ಲಿ ಆಗಿದ್ದು, ಮಾಯಾ ಲಿನ್ ಅನ್ನೋ ಆರ್ಕಿಟೆಕ್ಚರ್ ವಿದ್ಯಾರ್ಥಿನಿ ಇನ್ನೂ 21 ವರ್ಷ ಇದ್ದಾಗ ಕೊಟ್ಟ ನಕ್ಷೆ. ನುಣುಪಾದ ಕಪ್ಪು ಗ್ರಾನೈಟ್, ಹೆಸರುಗಳು ಅಕ್ಷರ ಕ್ರಮದಲ್ಲಿಲ್ಲ, ಸತ್ತ ದಿನದ ಕ್ರಮದಲ್ಲಿವೆ, ದರ್ಜೆನೂ ಬರೆದಿಲ್ಲ. ಹಾಗಾಗಿ ಒಂದೇ ದಿನ ಒಟ್ಟಿಗೆ ಸತ್ತ ಸ್ನೇಹಿತರ ಹೆಸರು ಅಕ್ಕಪಕ್ಕದಲ್ಲೇ ಸಿಗುತ್ತೆ. ಜನ ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡು ಹೋಗ್ತಾರೆ. ಅದನ್ನ ನೋಡಿ ಬಂದ ಮೇಲೆ ಪಕ್ಕದ ಮನೆಯವರ ಹತ್ರ ‘ಗೋಡೆ ನೋಡ್ಕೊಂಡು ಬಂದೆ’ ಅಂತ ಹೇಳಿ ಸಾಕು, ಮುಂದಿನ ಮಾತು ಅವರೇ ಆಡ್ತಾರೆ. ಎಷ್ಟು ಜನನ ಕೊಂದ್ರಿ ಅನ್ನೋ ಪ್ರಶ್ನೆ ಮಾತ್ರ ಯಾವತ್ತೂ ಕೇಳ್ಬೇಡಿ, ಮೊಮ್ಮಕ್ಕಳಿಗೂ ಹೇಳಿಡಿ.

ಪ್ರಶ್ನೆ: ವೆಟರನ್ಸ್ ಡೇ, ಮೆಮೋರಿಯಲ್ ಡೇ ಎರಡೂ ಒಂದೇನಾ?

ಅಲ್ಲ. ಮೇ ತಿಂಗಳ ಕೊನೇ ಸೋಮವಾರ ಬರೋ ಮೆಮೋರಿಯಲ್ ಡೇ ಸೇವೆಲಿದ್ದಾಗ ಪ್ರಾಣ ಬಿಟ್ಟವರಿಗೆ. ನವೆಂಬರ್ 11ರ ವೆಟರನ್ಸ್ ಡೇ ಸೇವೆ ಮಾಡಿದ ಎಲ್ಲರಿಗೂ, ಮುಖ್ಯವಾಗಿ ಬದುಕಿರೋರಿಗೆ. ಮೇ ತಿಂಗಳಲ್ಲಿ ವೆಟ್ ಒಬ್ಬರಿಗೆ ಹ್ಯಾಪಿ ಮೆಮೋರಿಯಲ್ ಡೇ ಅಂದ್ರೆ ಅವರಿಗೆ ನೋವಾಗುತ್ತೆ, ಅದು ಅವರ ಸ್ನೇಹಿತರ ದಿನ. ನವೆಂಬರ್ 11 ಯಾಕೆ ಅಂದ್ರೆ 1918ರಲ್ಲಿ ಮೊದಲ ಮಹಾಯುದ್ಧದ ಕದನವಿರಾಮ ಆಗಿದ್ದು ಆ ದಿನ. 1954ರವರೆಗೂ ಅದಕ್ಕೆ ಆರ್ಮಿಸ್ಟಿಸ್ ಡೇ ಅಂತಾನೇ ಹೆಸರು, ಆಮೇಲೆ ಎರಡನೇ ಮಹಾಯುದ್ಧದವರು ಕೊರಿಯಾದವರು ಎಲ್ಲ ಸೇರ್ಲಿ ಅಂತ ಬದಲಾಯಿಸಿದ್ರು. 1971ರಿಂದ ಕೆಲವು ವರ್ಷ ಇದನ್ನ ಅಕ್ಟೋಬರ್ ತಿಂಗಳ ಸೋಮವಾರಕ್ಕೆ ತಳ್ಳಿದ್ರು, ವಾರಾಂತ್ಯದ ರಜೆ ಉದ್ದ ಆಗ್ಲಿ ಅಂತ, ಜನ ಒಪ್ಲಿಲ್ಲ, 1978ರಿಂದ ವಾಪಸ್ ನವೆಂಬರ್ 11ಕ್ಕೇ ಬಂತು.

ಪ್ರಶ್ನೆ: ಇಂಗ್ಲಿಷ್ ಸಿನಿಮಾಗಳಲ್ಲಿ ವೆಟ್ ಅಂದ್ರೆ ಕುಡೀತಾ ಇರ್ತಾನೆ, ರಾತ್ರಿ ಕಿರುಚಿ ಏಳ್ತಾನೆ, ಇಲ್ಲ ಬೀದೀಲಿ ಮಲಗಿರ್ತಾನೆ. ನಿಜವಾಗ್ಲೂ ಹಾಗೇನಾ? (ಸಿನಿಮಾಸಕ್ತರು)

ಅಂಥವರು ಇದಾರೆ, ಆದ್ರೆ ವೆಟ್ ಅಂದ್ರೇನೇ ಹಾಗೆ ಅನ್ನೋ ಚಿತ್ರ ತಪ್ಪು. ಹೆಚ್ಚಿನವರು ಮನೆ, ಕೆಲಸ, ಸಂಸಾರ ಅಂತ ಎಲ್ಲರ ಹಾಗೇ ಬದುಕ್ತಿದಾರೆ, ಮೇಷ್ಟ್ರು, ಪ್ಲಂಬರ್, ನರ್ಸ್, ರೈತ ಆಗಿ. ಬೀದೀಲಿರೋ ವೆಟ್‌ಗಳ ಸಂಖ್ಯೆ ಕೂಡ 2010ಕ್ಕೆ ಹೋಲಿಸಿದ್ರೆ ಅರ್ಧಕ್ಕಿಂತ ಕಮ್ಮಿ ಆಗಿದೆ, ಮನೆ ಬಾಡಿಗೆಗೆ ನೆರವು, ಜೊತೆಗೆ ಚಿಕಿತ್ಸೆ ಎರಡನ್ನೂ ಒಟ್ಟಿಗೆ ಕೊಟ್ಟಿದ್ದರಿಂದ. ಅದನ್ನ ಯಾವ ಸಿನಿಮಾನೂ ತೋರಿಸಲ್ಲ.

ಹಾಗಂತ ಗಾಯ ಸುಳ್ಳಲ್ಲ. ಯುದ್ಧದಿಂದ ಬಂದವರ ಮನಸ್ಸಿಗೆ ಆಗೋ ಪೆಟ್ಟನ್ನ ಅಂತರ್ಯುದ್ಧದ ಕಾಲದಲ್ಲಿ ‘ಸೋಲ್ಜರ್ಸ್ ಹಾರ್ಟ್’ ಅಂದ್ರು, ಮೊದಲ ಮಹಾಯುದ್ಧದಲ್ಲಿ ‘ಶೆಲ್ ಶಾಕ್’, ಎರಡನೇದರಲ್ಲಿ ‘ಕಾಂಬ್ಯಾಟ್ ಫಟೀಗ್’. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಅದು ‘ಆಘಾತದ ನಂತರದ ಒತ್ತಡದ ಕಾಯಿಲೆ’ ಅನ್ನೋ ಅರ್ಥದಲ್ಲಿ ಪಿಟಿಎಸ್‌ಡಿ ಅಂತ ಸೇರ್ತು, ಅದು ಸೇರೋದಕ್ಕೆ ವಿಯೆಟ್ನಾಂ ವೆಟ್‌ಗಳು ಗುಂಪು ಗುಂಪಾಗಿ ಕೂತು ತಮ್ಮ ಕಷ್ಟ ಹೇಳ್ಕೊಂಡಿದ್ದು, ಅವರ ಜೊತೆ ನಿಂತ ಡಾಕ್ಟ್ರುಗಳು ಮುಖ್ಯ ಕಾರಣ. ದೇಹದ ಕಥೆನೂ ಅಷ್ಟೇ. 1962ರಿಂದ 1971ರವರೆಗೆ ಕಾಡಿನ ಎಲೆ ಉದುರಿಸೋಕೆ ಅಂತ ವಿಯೆಟ್ನಾಮಲ್ಲಿ ವಿಮಾನದಿಂದ ಸಿಂಪಡಿಸಿದ ಕಳೆನಾಶಕಗಳಲ್ಲಿ ‘ಏಜೆಂಟ್ ಆರೆಂಜ್’ ಒಂದು, ಅದರಲ್ಲಿ ಡಯಾಕ್ಸಿನ್ ವಿಷ ಇತ್ತು. ವಿಯೆಟ್ನಾಮಿನ ಜನಕ್ಕೆ ಆದ ಹಾನಿ ಹೇಳತೀರದು, ಅಲ್ಲಿದ್ದ ಅಮೆರಿಕದ ಸೈನಿಕರಿಗೂ ಕ್ಯಾನ್ಸರ್ ಬಂತು. ಇಂತಿಂಥ ಕಾಯಿಲೆ ಅದರಿಂದಲೇ ಅಂತ ಭಾವಿಸಿ ಪರಿಹಾರ ಕೊಡ್ಬೇಕು ಅನ್ನೋ ಕಾನೂನು ಬರೋಕೆ 1991 ಆಯ್ತು. ಇರಾಕ್, ಅಫ್ಘಾನಿಸ್ತಾನದಲ್ಲಿ ಗುಂಡಿ ತೋಡಿ ಪ್ಲಾಸ್ಟಿಕ್ಕು, ಎಣ್ಣೆ, ಆಸ್ಪತ್ರೆ ಕಸ ಎಲ್ಲ ಒಟ್ಟಿಗೆ ಸುಡ್ತಿದ್ರು, ಆ ಹೊಗೆ ಕುಡಿದವರಿಗೆ ಚಿಕಿತ್ಸೆ, ಪರಿಹಾರ ಕೊಡೋ ‘ಪ್ಯಾಕ್ಟ್ ಕಾಯ್ದೆ’ ಬಂದಿದ್ದು 2022ರಲ್ಲಿ. ಅಷ್ಟರೊಳಗೆ ಸತ್ತೋದವರು ಎಷ್ಟೋ. ವೆಟ್‌ಗೆ ತಲೆ ಕೆಟ್ಟಿದೆ ಅಂತ ತೋರಿಸೋ ಬದ್ಲು ಇದನ್ನ ತೋರಿಸ್ಲಿ ಅಂತ ನನ್ನ ಆಸೆ.

ಪ್ರಶ್ನೆ: ನಾನು ನಮ್ಮ ಸೇನೆಯಿಂದ ನಿವೃತ್ತ ಸುಬೇದಾರ್. ನಮ್ಮನ್ನೂ ವೆಟ್ ಅನ್ನಬಹುದಾ?

ಸುಬೇದಾರ್ ಸಾಹೇಬ್ರೆ, ವೆಟರನ್ ಅಂತ ಧಾರಾಳವಾಗಿ ಅನ್ನಬಹುದು, ಈಗ ನಮ್ಮ ಸೇನೆಯಲ್ಲೂ ಅದೇ ಪದ ಓಡ್ತಿದೆ. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1953ರ ಜನವರಿ 14ಕ್ಕೆ ನಿವೃತ್ತರಾದ್ರು, ಅದರ ನೆನಪಿಗೆ ಪ್ರತಿ ವರ್ಷ ಆ ದಿನ ವೆಟರನ್ಸ್ ಡೇ ಆಚರಿಸ್ತಾರೆ ಅಂತ ನಿಮಗೆ ಗೊತ್ತೇ ಇರುತ್ತೆ. ‘ವೆಟ್’ ಮಾತ್ರ ಇಲ್ಲಿ ಬೇಡ, ನಮ್ಮ ಜನಕ್ಕೆ ಅದು ದನದ ಆಸ್ಪತ್ರೆನೇ ನೆನಪಿಸುತ್ತೆ. ಕಚೇರಿ ಕಾಗದದಲ್ಲಿ ಮಾಜಿ ಸೈನಿಕ, ಊರಲ್ಲಿ ಮಿಲಿಟ್ರಿಯವರು, ನಿಮ್ಮ ನಿಮ್ಮಲ್ಲಿ ಫೌಜಿ, ಇವು ಚೆನ್ನಾಗೇ ಇವೆ.

ಪ್ರಶ್ನೆ: ‘ವೆಟರನ್ಸ್ ಡೇ’ ಅಂತ ಇಂಗ್ಲಿಷಲ್ಲಿ ಬರೆಯುವಾಗ ಅಪಾಸ್ಟ್ರಫಿ ಎಲ್ಲಿ ಹಾಕ್ಬೇಕು? (ಪ್ರೂಫ್ ರೀಡರ್)

ಅಮೆರಿಕದ್ದಕ್ಕೆ ಎಲ್ಲೂ ಹಾಕ್ಬೇಡಿ. ಅಲ್ಲಿನ ಸರ್ಕಾರದ ಬರವಣಿಗೆಯಲ್ಲೇ ಅಪಾಸ್ಟ್ರಫಿ ಇಲ್ಲ, ವೆಟರನ್‌ಗಳಿಗೆ ಸೇರಿದ ದಿನ ಅಂತ ಅಲ್ಲ, ಅವರನ್ನ ಗೌರವಿಸೋ ದಿನ ಅಂತ ಅದಕ್ಕೆ ಕಾರಣ ಕೊಡ್ತಾರೆ. ಬಹುವಚನದ ಎಸ್ ಮಾತ್ರ ಬಿಡ್ಬೇಡಿ.